ಸೆಲ್ಫ್ ಹೋಸ್ಟಿಂಗ್: ‘ಸ್ವಯಂ ಆತಿಥ್ಯ’ ಒಪ್ಪುತ್ತದೆಯೇ? ‘ಒಕ್ಕಲಿಡು’ ಆದೀತೇ?

ಗೆಳೆಯರೇ,

ನಮ್ಮ ಮನೆಯಲ್ಲಿ ರೂಟರಿನ ಪಕ್ಕ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್ ಇದೆ. 4 ಜಿಬಿ ಮೆಮೊರಿ, ಜೊತೆಗೊಂದು 2 ಟಿಬಿ ಡಿಸ್ಕ್. ಎರಡು ವರ್ಷದಿಂದ ಅದು ಮಾಡುತ್ತಿರುವುದು ಒಂದೇ ಕೆಲಸ: ಪೈ-ಹೋಲ್ ಎಂಬ ತಂತ್ರಾಂಶ ಓಡಿಸಿ ಮನೆಮಂದಿಯ ಫೋನುಗಳಿಗೆ ಜಾಹೀರಾತು ಬಾರದಂತೆ ನೋಡಿಕೊಳ್ಳುವುದು. ಅಷ್ಟಕ್ಕೆ ಬೇಕಾಗುವುದು ಅದರ ಬಲದ ಚಿಕ್ಕದೊಂದು ಪಾಲು. ಉಳಿದ ಬಲಕ್ಕೆ ಯಾವ ಕೆಲಸ ಕೊಡಬಹುದು ಎಂದು ಅಕ್ಕಪಕ್ಕದ ನಾಲ್ಕು ಮನೆಯವರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ ಒಂದು ಕಿರು ಕೈಪಿಡಿ ಬರೆಯುತ್ತಿದ್ದೇನೆ. ಮೊದಲ ಪುಟದಲ್ಲೇ ಎರಡು ಪದಗಳು ಕಾಲಿಗೆ ತೊಡರಿಕೊಂಡವು. ಒಂದು ‘ಸೆಲ್ಫ್ ಹೋಸ್ಟ್’, ಅಂದರೆ ಬೇಕಾದ ಸೇವೆಯನ್ನು ಬೇರೆ ಕಂಪನಿಗೆ ಬಿಡದೆ ನಮ್ಮದೇ ಯಂತ್ರದಲ್ಲಿ ನಡೆಸುವುದು. ಇನ್ನೊಂದು, ಪೂರ್ತಿ ಖಾಲಿಯೂ ಇಲ್ಲದ, ಪೂರ್ತಿ ದುಡಿಮೆಯೂ ಇಲ್ಲದ ಈ ಸರ್ವರಿನ (ಉಳಿದ ಯಂತ್ರಗಳು ಕೇಳಿದ್ದನ್ನು ಒದಗಿಸುವ ಕಂಪ್ಯೂಟರಿನ) ಸ್ಥಿತಿಗೆ ಬೇಕಾದ ಪದ.

‘ಸರ್ವರ್’ ಪದವನ್ನು ಮುಟ್ಟಲು ಹೋಗಿಲ್ಲ. ಪಡಿತರದ ಸಾಲಿನಲ್ಲಿ ನಿಂತವರೆಲ್ಲರ ಬಾಯಲ್ಲೂ ಅದು ಬೇರೂರಿದೆ. ಹೋಟೆಲಿನಲ್ಲಿ ತಿಂಡಿ ತಂದಿಡುವವರು ನಮಗೆ ‘ಸಪ್ಲಾಯರ್’ ಆದ್ದರಿಂದ ಗೊಂದಲಕ್ಕೂ ಎಡೆಯಿಲ್ಲ. ‘ಸರ್ವಿಸ್’ಗೆ ‘ಸೇವೆ’ ಸಾಕು. ‘ಊಳಿಗ’ ಬಳಸಿ ಎಂದು ಒಬ್ಬರು ಹೇಳಿದರು. ಶಾಲೆಯ ಚರಿತ್ರೆ ಪಾಠದ ‘ಊಳಿಗಮಾನ್ಯ’ ಇನ್ನೂ ಕಿವಿಯಲ್ಲಿದೆ. ಆ ಪದದಿಂದ ಒಡೆಯ-ಆಳಿನ ನೆರಳನ್ನು ಬಿಡಿಸಲು ನನಗಾಗಲಿಲ್ಲ.

‘ಹೋಸ್ಟ್’ಗೆ ‘ಆತಿಥೇಯ’ ಎಂಬುದು ನಿಘಂಟಿನ ಉತ್ತರ. ಕ್ರಿಕೆಟ್ ಪಂದ್ಯಾವಳಿಗೆ, ಸಮ್ಮೇಳನಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ. ಆದರೆ ಅತಿಥಿ ಎಂದರೆ ತಿಥಿ ಗೊತ್ತುಮಾಡದೆ ಬಂದು, ಉಂಡು, ಹೋಗುವವನು. ನಾನು ಡಿಸ್ಕಿನಲ್ಲಿ ಇಡಬೇಕೆಂದಿರುವುದು ಅಮ್ಮನ ಹಳೆಯ ಫೋಟೊ, ಅಪ್ಪ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ ತಾಳಮದ್ದಳೆ, ಜಾಗದ ಕಾಗದಪತ್ರ. ಇವು ನಮ್ಮ ಮನೆಗೆ ಅತಿಥಿಗಳೇ? ಇಷ್ಟು ದಿನ ಬೇರೆಯವರ ಕಂಪ್ಯೂಟರಿನಲ್ಲಿ ಅತಿಥಿಗಳಾಗಿದ್ದವು, ಈಗ ಮನೆಗೆ ಮರಳುತ್ತಿವೆ. ‘ಸ್ವಯಂ ಆತಿಥ್ಯ’ ಎಂದರಂತೂ ಕರೆಯದೆ ಬಂದು ತಾನೇ ಬಡಿಸಿಕೊಂಡು ಉಂಡವರ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಹೀಗೆ ಯೋಚಿಸುತ್ತಿದ್ದಾಗ ‘ಒಕ್ಕಲೆಬ್ಬಿಸು’ ನೆನಪಾಯಿತು. ಇಂದಿನ ಪತ್ರಿಕೆಯಲ್ಲೂ ಸಿಗುವ, ಎಲ್ಲರಿಗೂ ಗೊತ್ತಿರುವ ಪದ. ಹಲವು ತಾಣಗಳ ಹೊಸ ಬರಹಗಳನ್ನು ಒಂದೆಡೆ ಓದಲು ಕೊಡುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ನಿಂತಾಗ ಅದರ ಓದುಗರಿಗೆ ಆದದ್ದನ್ನು ಕನ್ನಡದಲ್ಲಿ ಹೇಳಿ ನೋಡಿ: ಒಕ್ಕಲೆದ್ದರು. ಹಾಗೆ ಎದ್ದವರು ಇಂದು ಫ್ರೆಶ್‌ಆರ್‌ಎಸ್‌ಎಸ್ ಎಂಬುದನ್ನು ತಮ್ಮದೇ ಸರ್ವರಿನಲ್ಲಿ ಹಾಕಿಕೊಂಡು ಅದೇ ಕೆಲಸ ಮಾಡಿಕೊಳ್ಳಬಹುದು. ಒಕ್ಕಲೆಬ್ಬಿಸುವುದು ಇದ್ದಮೇಲೆ ಒಕ್ಕಲಿಡುವುದೂ ಇರಬೇಕಲ್ಲ? ‘ಒಕ್ಕಲಿರು’ ಎಂಬ ಬಳಕೆ ಇದ್ದೇ ಇದೆ. ಹಾಗಾಗಿ ‘ಹೋಸ್ಟ್ ಮಾಡು’ ಎಂಬುದಕ್ಕೆ ‘ಒಕ್ಕಲಿಡು’ ಎಂದು ಬರೆದುಕೊಂಡೆ.

ಊಳಿಗ ಬೇಡವೆಂದವರು ಒಕ್ಕಲನ್ನು ಹೇಗೆ ಒಪ್ಪಿದಿರಿ ಎಂದು ನೀವು ಕೇಳಬಹುದು. ಒಕ್ಕಲಿಗೆ ಗೇಣಿದಾರ ಎಂಬ ಅರ್ಥವಿದ್ದರೂ ಮನೆ, ಸಂಸಾರ, ಬೇಸಾಯ ಎಂಬ ಅರ್ಥಗಳೂ ಅಷ್ಟೇ ಜೀವಂತವಾಗಿವೆ. ಬಡಗಣ ಕರ್ನಾಟಕದಲ್ಲಿ ಒಕ್ಕಲುತನ ಎಂದರೆ ಬೇಸಾಯವೇ. ನಮ್ಮ ಕರಾವಳಿಯಲ್ಲಿ ಹೊಸ ಮನೆಗೆ ಕಾಲಿಡುವುದಕ್ಕೆ ‘ಮನೆಯೊಕ್ಕಲು’ ಎನ್ನುತ್ತೇವೆ; ಹಾಲುಕ್ಕಿಸುವ ದಿನದ ಪದ ಅದು. ಆ ಬಳಕೆ ಇಲ್ಲದಿದ್ದರೆ ಸೆಲ್ಫ್ ಹೋಸ್ಟಿಂಗಿಗೆ ‘ಮನೆಯೊಕ್ಕಲು’ ಎಂದೇ ಇಟ್ಟುಬಿಡುತ್ತಿದ್ದೆ.

ಅದಕ್ಕೆ ಬದಲಾಗಿ ಹೊಳೆದದ್ದು ‘ಸ್ವಂತ ಸಾಗುವಳಿ’. ದಕ್ಷಿಣ ಕನ್ನಡದ ಹಳೆಯ ಪತ್ರಗಳಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡಿರುತ್ತವೆ. ಮೂಲಗೇಣಿಯ ಗೇಣಿ ಒಮ್ಮೆ ಗೊತ್ತುಮಾಡಿದರೆ ಮುಗಿಯಿತು, ಹಕ್ಕು ಮಕ್ಕಳು ಮೊಮ್ಮಕ್ಕಳಿಗೂ ಇಳಿಯುತ್ತದೆ. ಚಾಲಗೇಣಿ ಹಾಗಲ್ಲ. ಧಣಿ ಮನಸ್ಸು ಮಾಡಿದರೆ ಗೇಣಿ ಏರುತ್ತದೆ, ಬಿಡು ಎಂದರೆ ಬಿಡಬೇಕು. ತಿಂಗಳ ಬಾಡಿಗೆಯ ಕ್ಲೌಡ್ ಜಾಗ ಇಂಥ ಚಾಲಗೇಣಿಯೇ. ನಮ್ಮ ತಾತನ ತಲೆಮಾರಿಗೆ ಈ ವ್ಯತ್ಯಾಸ ಬದುಕಿನ ಪ್ರಶ್ನೆಯಾಗಿತ್ತು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಮೇಲೆ ‘ಡಿಕ್ಲರೇಶನ್’ (ಗೇಣಿಯ ಭೂಮಿ ತಮಗೇ ಬರಬೇಕೆಂಬ ಅರ್ಜಿ) ಕೊಟ್ಟು ಭೂಮಿ ಪಡೆದವರ ಮನೆಗಳಲ್ಲಿ ‘ಸ್ವಂತ ಸಾಗುವಳಿ’ ಎಂದರೆ ವಿವರಿಸಬೇಕಾಗಿಯೇ ಇಲ್ಲ. ಹೊಸ ತಂತ್ರಜ್ಞಾನಕ್ಕೆ ಇಷ್ಟು ತೂಕದ ಪದ ನಮ್ಮ ಮನೆಯೊಳಗೇ ಇರುವಾಗ ಸಂಸ್ಕೃತದಿಂದ ಹೊಸದಾಗಿ ಕಟ್ಟಲು ಮನಸ್ಸು ಬರುತ್ತಿಲ್ಲ.

ಎರಡನೆಯ ಪದಕ್ಕೂ ಗದ್ದೆಗೇ ಇಳಿದೆ. ಬೆಳೆಯದೆ ಬಿಟ್ಟ ಗದ್ದೆ ನಮ್ಮ ಕಡೆ ‘ಹಡಿಲು’. ತುಳುವಿನಲ್ಲಿ ‘ಪಡೀಲು’, ಅದೇ ಹಳೆಯ ಪಕಾರ ಉಳಿದ ರೂಪ. ಬಯಲುಸೀಮೆಯವರು ‘ಬೀಳು’ ಎನ್ನುತ್ತಾರೆ. ಆದರೆ ನನ್ನ ಸರ್ವರ್ ಹಡಿಲು ಬಿದ್ದಿಲ್ಲ, ಒಂದು ಕೆಲಸ ಮಾಡುತ್ತಿದೆ. ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯಬಹುದಾದ ಬೈಲುಗದ್ದೆಯಲ್ಲಿ ಏಣೆಲು ಒಂದನ್ನೇ ಬೆಳೆದು ಬಿಟ್ಟ ಹಾಗೆ ಅದರ ಸ್ಥಿತಿ. ನೀರಿಲ್ಲದ ಬೆಟ್ಟುಗದ್ದೆಗೆ ಒಂದೇ ಬೆಳೆ ಸಹಜ, ಬೈಲಿಗೆ ಅದು ನಷ್ಟ. ಈ ನಷ್ಟಕ್ಕೆ ಒಂಟಿಪದವಿದೆಯೇ? ‘ಅರೆಬಳಕೆ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಅರ್ಥವಾಗುತ್ತದೆ, ನಿಜ. ಆದರೆ ಇನ್ನೂ ಬೆಳೆಯಬಹುದಿತ್ತು ಎಂಬ ಕೊರಗು ಅದರಲ್ಲಿಲ್ಲ.

ಪದದ ಕಸುವು ತಿಳಿಯುವುದು ವಾಕ್ಯದಲ್ಲಿ. ಕೈಪಿಡಿಯಿಂದ ಕೆಲವು ಸಾಲು ಕೊಡುತ್ತೇನೆ, ಎಲ್ಲಿ ನಾಲಿಗೆ ತಡವರಿಸುತ್ತದೆ ನೋಡಿ.

“ಕಾಗದಪತ್ರ ಜೋಡಿಸಿಡುವ ಪೇಪರ್‌ಲೆಸ್ ಒಕ್ಕಲಿಟ್ಟು, ಅದರೊಳಗೆ ಅಕ್ಷರ ಓದುವ ಟೆಸೆರಾಕ್ಟಿಗೆ ಕನ್ನಡದ ದತ್ತಾಂಶ ಸೇರಿಸಿದರೆ, ಸ್ಕ್ಯಾನ್ ಮಾಡಿಟ್ಟ ಪಹಣಿ, ಕಂದಾಯ ರಸೀದಿಗಳಲ್ಲಿ ಕನ್ನಡ ಪದ ಕೊಟ್ಟೇ ಹುಡುಕಬಹುದು. ಅಚ್ಚಾದ ಅಕ್ಷರವನ್ನು ಅದು ಓದಬಲ್ಲದು, ಕೈಬರಹವನ್ನು ನಂಬಿಕೊಳ್ಳಬೇಡಿ.” ನನ್ನ ಮಟ್ಟಿಗೆ ಕನ್ನಡದ ಮನೆಗಳಿಗೆ ಎಲ್ಲಕ್ಕಿಂತ ಮೊದಲು ಬೇಕಾದ ಸೇವೆ ಇದು. ಜಾಗದ ಪತ್ರ ಹುಡುಕಲು ಕಪಾಟು ಇಡೀ ಕೆಳಗಿಳಿಸುವುದು ಯಾರ ಮನೆಯಲ್ಲಿಲ್ಲ?

“ಮಳೆಗಾಲದಲ್ಲಿ ಮರ ಬಿದ್ದು ಇಂಟರ್ನೆಟ್ ಹೋದರೂ, ಕಿವಿಕ್ಸ್ ಒಕ್ಕಲಿದ್ದರೆ ಮೊದಲೇ ಇಳಿಸಿಟ್ಟ ಕನ್ನಡ ವಿಕಿಪೀಡಿಯ ಮನೆಯೊಳಗೆ ತೆರೆಯುತ್ತದೆ.”

“ಇಮ್ಮಿಚ್ ಒಕ್ಕಲಿಟ್ಟರೆ ಎಲ್ಲರ ಫೋನಿನ ಫೋಟೊಗಳು ಮನೆಯ ಡಿಸ್ಕಿಗೇ ಬಂದು ಸೇರುತ್ತವೆ. ಮುಖ ಗುರುತಿಸುವ ಭಾಗ ಭಾರವಾದ್ದು, ಸಣ್ಣ ಯಂತ್ರದಲ್ಲಿ ಅದನ್ನು ನಿಲ್ಲಿಸಿಡಿ.”

“ಹಾಡು, ಧ್ವನಿಮುದ್ರಣ ಕೇಳಿಸುವ ನಾವಿಡ್ರೋಮಿಗೆ ತಾಳಮದ್ದಳೆಯ ಕಡತಗಳನ್ನು ಕೊಡುವ ಮುಂಚೆ ಪ್ರಸಂಗ, ಭಾಗವತರು, ಅರ್ಥಧಾರಿಗಳ ಹೆಸರನ್ನು ಕನ್ನಡದಲ್ಲೇ ತುಂಬಿ.”

“ಡಿಸ್ಕೂ ಸೇರಿ 8 ವಾಟ್ ಎಂದುಕೊಂಡರೂ ತಿಂಗಳಿಗೆ 6 ಯೂನಿಟ್ ದಾಟುವುದಿಲ್ಲ, ಒಂದು ಒಕ್ಕಲಿದ್ದರೂ ನಾಲ್ಕಿದ್ದರೂ ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಕಾಣದು.”

ಪೈ-ಹೋಲಿನ ಕೆಲಸಕ್ಕೆ ಮೊದಲು ‘ಸೋಸು’ ಎಂದು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಅದು ಬಂದ ಪುಟವನ್ನು ಸೋಸುವುದಿಲ್ಲ. ಜಾಹೀರಾತಿನ ತಾಣ ಎಲ್ಲಿದೆ ಎಂದು ಫೋನು ವಿಳಾಸ ಕೇಳಿದಾಗ ಹೇಳದೆ ಉಳಿಯುತ್ತದೆ, ಅಷ್ಟೆ. ವೀಡಿಯೊವೂ ಜಾಹೀರಾತೂ ಒಂದೇ ತಾಣದಿಂದ ಬಂದರೆ ಅದರ ಕೈ ಸಾಗದಿರುವುದೂ ಇದಕ್ಕೇ. ‘ದಾರಿ ಮುಚ್ಚು’ ಎಂದು ಹಾಕಿದ್ದೇನೆ. ಬ್ಯಾಕಪ್ಪಿಗೆ ‘ಬಿತ್ತದ ಮುಡಿ’ ಎಂಬ ಆಸೆಯಿದೆ: ಮುಂದಿನ ಬಿತ್ತನೆಗೆಂದು ಬೈಹುಲ್ಲಿನಲ್ಲಿ ಬಿಗಿದು ಬೇರೆಯೇ ಇಡುವ ಭತ್ತ. ಉಣ್ಣಲು ತೆಗೆಯದ, ಕಣಜದ ಜೊತೆ ಇಡದ ಕಾಳು ಅದು. ಮುಡಿ ಕಟ್ಟುವವರನ್ನು ಕಾಣದ ಮಕ್ಕಳಿಗೆ ಇದು ದಾಟುತ್ತದೆಯೇ ಎಂಬ ಅನುಮಾನದಿಂದ ಸದ್ಯ ‘ಬ್ಯಾಕಪ್’ ಎಂದೇ ಉಳಿಸಿದ್ದೇನೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ‘ಸಾಗುವಳಿ’. ಮಲೆನಾಡು, ಹಳೆ ಮೈಸೂರಿನ ಕಡೆ ಈ ಪದ ಕೇಳಿದೊಡನೆ ‘ಬಗರ್ ಹುಕುಂ’ ನೆನಪಾಗಿ, ಪರವಾನಗಿಯಿಲ್ಲದೆ ಹಿಡಿದುಕೊಂಡದ್ದು ಎಂಬ ಅರ್ಥ ಬರುತ್ತದೆಯೇ? ‘ಸ್ವಂತ’ ಸೇರಿದರೆ ಆ ಕಳಂಕ ಹೋಗುತ್ತದೆಯೇ? ಆ ಭಾಗದವರು ದಯವಿಟ್ಟು ಹೇಳಿ. ‘ಒಕ್ಕಲಿಡು’, ‘ಒಕ್ಕಲಿರಿಸು’ ಎರಡರಲ್ಲಿ ನಿಮ್ಮ ಮನೆಯ ಹಿರಿಯರ ಮಾತಿನಲ್ಲಿ ಯಾವುದನ್ನಾದರೂ ಕೇಳಿದ್ದೀರಾ? ಇನ್ನು, ಎರಡು ಬೆಳೆ ಕೊಡಬಹುದಾದ ಹೊಲದಲ್ಲಿ ಒಂದನ್ನೇ ತೆಗೆದರೆ ಅದಕ್ಕೆ ಧಾರವಾಡ, ರಾಯಚೂರು, ಮಂಡ್ಯದ ಕಡೆ ಏನೆನ್ನುತ್ತಾರೆ? ಆ ಒಂದು ಪದ ಸಿಕ್ಕಿದರೆ ಕೈಪಿಡಿಯ ಮೊದಲ ವಾಕ್ಯ ಮುಗಿಯುತ್ತದೆ.