ಸೋಡಾರ್ ಗಾಳಿಯ ವೇಗವನ್ನು ಅಳೆಯುವುದು ಹೇಗೆ?

ಪ್ರಶ್ನೆ: ಪವನ ವಿದ್ಯುತ್ ಯೋಜನೆಗಾಗಿ ನಮ್ಮ ಗುಡ್ಡದ ಮೇಲೆ ಇರಿಸಿರುವ ಸೋಡಾರ್ (ಶಬ್ದವನ್ನು ಮೇಲಕ್ಕೆ ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಗಾಳಿಯನ್ನು ಅಳೆಯುವ ಉಪಕರಣ) ಕೆಲವು ಸೆಕೆಂಡುಗಳಿಗೊಮ್ಮೆ ಹಕ್ಕಿಯಂತೆ ಚಿಲಿಗುಟ್ಟುತ್ತದೆ. ಬರಿಯ ಗಾಳಿಯಿಂದ ಶಬ್ದ ಮರಳಿ ಬರುವುದಾದರೂ ಹೇಗೆ? ಅದು ತೋರಿಸುವ ವೇಗ ಪಕ್ಕದ ಗೋಪುರದ ಮಾಪಕಕ್ಕಿಂತ ಕಡಿಮೆ ಇರುವುದೇಕೆ?

ಉತ್ತರ 1: ಬಿಸಿ ಮತ್ತು ತಂಪು ಗಾಳಿಯ ಸಣ್ಣ ಸುಳಿಗಳು ಬೆರೆಯುವಲ್ಲಿ ಶಬ್ದದ ವೇಗವು ತುಸು ಬದಲಾಗುವುದರಿಂದ, ಮೇಲಕ್ಕೆ ಹೋದ ಅಲೆಯ ಅತ್ಯಲ್ಪ ಭಾಗವು ಚದುರಿ ಕೆಳಗೆ ಮರಳುತ್ತದೆ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ಹೋಗಿ ಬರುವ ದಾರಿ ಸೇರಿ, ಒಂದು ಸೆಕೆಂಡಿನ ನಂತರ ಕೇಳುವ ಪ್ರತಿಧ್ವನಿ 170 ಮೀಟರ್ ದೂರದಿಂದ ಬಂದದ್ದು. ವೇಗ ತಿಳಿಯುವುದು ಡಾಪ್ಲರ್ ಪರಿಣಾಮದಿಂದ, ಅಂದರೆ ಚಲನೆಯಿಂದ ಸ್ವರ ಬದಲಾಗುವುದರಿಂದ: ಉಪಕರಣದತ್ತ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಬರುವ ಗಾಳಿಯು 2000 ಹರ್ಟ್ಸ್ ಸ್ವರವನ್ನು ಸುಮಾರು 59 ಹರ್ಟ್ಸ್ ಏರಿಸುತ್ತದೆ. ನೇರ ಮೇಲಕ್ಕೆ ಒಂದು, ಓರೆಯಾಗಿ ಎರಡು ದಿಕ್ಕುಗಳ ಅಳತೆಗಳನ್ನು ಕೂಡಿಸಿದರೆ ಗಾಳಿಯ ದಿಕ್ಕೂ ಸಿಗುತ್ತದೆ.

ಉತ್ತರ 2: ಹತ್ತಿರದಲ್ಲಿ ಮರ ಅಥವಾ ಕಟ್ಟಡವಿದೆಯೇ? ಚಲಿಸದ ವಸ್ತುವಿನ ಪ್ರತಿಧ್ವನಿಯಲ್ಲಿ ಆವರ್ತನ ಬದಲಾಗದ ಕಾರಣ, ಅದು ಬೆರೆತಾಗ ವೇಗವು ಸೊನ್ನೆಯ ಕಡೆಗೆ ಎಳೆಯಲ್ಪಡುತ್ತದೆ. ಮಳೆಹನಿಗಳ ಸದ್ದು ಬೆರೆತ ದತ್ತಾಂಶವನ್ನಂತೂ ನಾನು ನಂಬುವುದಿಲ್ಲ.

ಪ್ರಶ್ನೆ ಕೇಳಿದವರು: ಓರೆ ದಿಕ್ಕಿನಲ್ಲೇ ಒಂದು ದೊಡ್ಡ ಆಲದ ಮರವಿದೆ! ನಾಳೆಯೇ ಉಪಕರಣವನ್ನು ತಿರುಗಿಸಿ ನೋಡುತ್ತೇವೆ.