ನಮ್ಮ ಬದುಕನ್ನು ‘ಹೀರೋಸ್ ಜರ್ನಿ’ಯ ಹಂತ ಹಿಡಿದು ಬರೆದವರು ಇದ್ದೀರಾ?

ಪ್ರಶ್ನೆ: ನನ್ನ ಬದುಕಿನ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಆಸೆ. ಕೂತರೆ ಎಲ್ಲಿಂದ ಶುರು ಮಾಡಬೇಕು ಅನ್ನೋದೇ ತಿಳಿಯುವುದಿಲ್ಲ. ಕಥೆಯ ನಾಯಕ ಮನೆ ಬಿಟ್ಟು ಹೊರಟು, ಕಷ್ಟ ಎದುರಿಸಿ, ಬದಲಾಗಿ ಮರಳುವ ಪಯಣಕ್ಕೆ ಹೀರೋಸ್ ಜರ್ನಿ ಅಂತಾರಂತೆ. ಅದರ ಹಂತಗಳನ್ನು ಹಿಡಿದು ಬರೆದರೆ ದಾರಿ ಸಿಗುತ್ತದೆ ಅಂತ ಗೆಳತಿ ಹೇಳಿದಳು. ಆದರೆ ನನ್ನದು ಸಾಹಸದ ಬದುಕೇನಲ್ಲ. ಹೀಗೆ ಬರೆದವರು ಇದ್ದರೆ ದಯವಿಟ್ಟು ಹೇಳಿ.

ಉತ್ತರ 1: ನಾನು ಬರೆದಿದ್ದೇನೆ. ಸಾಹಸ ಇಲ್ಲ ಅನ್ನೋ ಚಿಂತೆ ಬಿಡಿ. ಪುರಾಣಗಳನ್ನು ಅಧ್ಯಯನ ಮಾಡಿದ ಅಮೆರಿಕದ ಲೇಖಕ ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ಬೇರೆ ಬೇರೆ ದೇಶದ ಪುರಾಣಗಳನ್ನು ಅಕ್ಕಪಕ್ಕ ಇಟ್ಟು ನೋಡಿ ಈ ಪಯಣಕ್ಕೆ 17 ಹಂತ ಹೇಳಿದರು. ಹೊರಡುವುದು, ಪರೀಕ್ಷೆ ಎದುರಿಸುವುದು, ಮರಳುವುದು ಅಂತ ಮೂರು ಭಾಗ. ಆಮೇಲೆ ಹಾಲಿವುಡ್‌ನಲ್ಲಿ ಕಥೆಗಳ ಕೆಲಸ ಮಾಡಿದ ಕ್ರಿಸ್ಟೋಫರ್ ವೋಗ್ಲರ್ ಕಥೆ ಬರೆಯುವವರಿಗಾಗಿ ಅದನ್ನು 12ಕ್ಕೆ ಇಳಿಸಿದರು. ನಾನು ಹಿಡಿದದ್ದು ಈ 12ನ್ನು. ಮೊದಲ ಸಲ ಒಂದೊಂದಕ್ಕೂ ಒಂದು ಪ್ಯಾರಾ ಬರೆದೆ. ಓದಿದರೆ ಅರ್ಜಿ ತುಂಬಿದ ಹಾಗಿತ್ತು.

ಎರಡನೇ ಸಲ ಒಂದೇ ಹಂತ ಇಟ್ಟುಕೊಂಡೆ. ಕರೆ ಬಂದಾಗ ‘ನಾನೊಲ್ಲೆ’ ಅನ್ನುವ ಹಂತ. ನಾನು ಈಜು ಕಲಿತದ್ದು 43ನೇ ವಯಸ್ಸಿನಲ್ಲಿ. ಅದಕ್ಕೂ ಮೊದಲು ಮೂರು ವರ್ಷ ಮಗಳು ಕರೆಯುತ್ತಲೇ ಇದ್ದಳು. ನಾನು ಪ್ರತಿ ಸಲ ಒಂದು ನೆಪ ಹೇಳುತ್ತಿದ್ದೆ. ಆ ನೆಪಗಳನ್ನೇ ಸಾಲಾಗಿ ಬರೆಯುತ್ತಾ ಹೋದೆ. ಬೆನ್ನುನೋವು, ನೆಗಡಿ, ಕೆಲಸ ಜಾಸ್ತಿ. ಎಂಟನೆಯದಕ್ಕೆ ಬರುವಷ್ಟರಲ್ಲಿ ನೆಪ ಖಾಲಿಯಾಗಿ ನಿಜವೇ ಹೊರಗೆ ಬಂತು. ಮಗಳ ಕಣ್ಣಿಗೆ ನಾನು ಹೆದರುವವನಾಗಿ ಕಾಣಬಾರದಿತ್ತು.

ಹೊಸ್ತಿಲು ದಾಟುವ ಹಂತಕ್ಕೆ ಸಿಕ್ಕಿದ್ದು ಕೊಳದ ಅಂಚಿನ ಸ್ಟೀಲ್ ಕಂಬಿ. ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದೆ. ಕಲಿಸುವವರು ಧೈರ್ಯ ಗೀರ್ಯ ಅಂತೇನೂ ಹೇಳಲಿಲ್ಲ. ‘ಮುಖ ಮುಳುಗಿಸಿ ಉಸಿರು ಹೊರಗೆ ಬಿಡಿ, ಗುಳ್ಳೆ ಬರಲಿ’ ಅಂದರು, ಅಷ್ಟೇ. ಬಿಟ್ಟೆ. ಗುಳ್ಳೆಗಳ ಗುಳುಗುಳು ಸದ್ದು ಕಿವಿ ತುಂಬಿತು. ಎಡಗೈಯ ಎರಡು ಬೆರಳು ತಾವಾಗಿಯೇ ಸಡಿಲಾದವು, ಮೂರು ಹಿಡಿದೇ ಇದ್ದವು. ಆ ಬೆರಳುಗಳ ಬಗ್ಗೆಯೇ ಎರಡು ಪುಟ ಬರೆದೆ. ನಾನು ಬರೆದದ್ದರಲ್ಲಿ ನನಗೆ ಅದೇ ಇಷ್ಟ. ಹಾಗಾಗಿ ಹಂತವನ್ನು ಪ್ರಶ್ನೆಯ ಹಾಗೆ ಕೇಳಿಕೊಳ್ಳಿ: ನಾನು ಯಾವುದಕ್ಕೆ ಒಲ್ಲೆ ಅಂದೆ? ಆಗ ಕೈಯಲ್ಲಿ ಏನಿತ್ತು?

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಒಂದು ಎಚ್ಚರಿಕೆ ಸೇರಿಸುತ್ತೇನೆ. ನನ್ನ ತಮ್ಮ ತೀರಿಕೊಂಡದ್ದನ್ನು ಹೀಗೆ ಬರೆಯಲು ಹೋಗಿ ‘ಬಹುಮಾನ’, ಅಂದರೆ ಕಷ್ಟ ದಾಟಿದ ಮೇಲೆ ಏನೋ ದಕ್ಕುವ ಹಂತದಲ್ಲಿ ಸಿಕ್ಕಿಕೊಂಡೆ. ನೋವಿನಿಂದ ಏನೇನೋ ಕಲಿತೆ ಅಂತ ಬರೆದೆ. ಸುಳ್ಳು ಅಂತ ನನಗೇ ಗೊತ್ತಿತ್ತು. ಅಳಿಸಿದೆ. ಈಗ ಆ ಹಂತದ ಹೆಸರಿದೆ, ಕೆಳಗೆ ಖಾಲಿ ಜಾಗವಿದೆ. ಬರಹ ಅದರಿಂದ ಕೆಡಲಿಲ್ಲ.

ಹಾಗೆಯೇ ಶತ್ರುಗಳ ಹಂತದಲ್ಲಿ ಮನೆಯವರನ್ನು ಸುಮ್ನೆ ತಂದು ನಿಲ್ಲಿಸಬೇಡಿ. ನಾನು ನಾದಿನಿಯನ್ನು ನಿಲ್ಲಿಸಿದ್ದೆ. ಅದೇ ದಿನವನ್ನು ಅವಳ ಕಡೆಯಿಂದ ಒಂದು ಪುಟ ಬರೆದು ನೋಡಿದೆ. ಅವಳೂ ರಾತ್ರಿಯಿಡೀ ಎದ್ದಿದ್ದಳು ಅನ್ನೋದು ಆಗ ನೆನಪಾಯಿತು.

ಉತ್ತರ 3: ಎಲ್ಲರೂ ಹೊರಡುವುದರ ಬಗ್ಗೆಯೇ ಬರೆಯುತ್ತಾರೆ ಅಲ್ವಾ? ನನಗೆ ದಕ್ಕಿದ್ದು ಮರಳುವ ಭಾಗ. ಕ್ಯಾಂಪ್‌ಬೆಲ್ ಅವರ 17ರಲ್ಲಿ ‘ಮರಳಲು ಒಲ್ಲೆ ಅನ್ನುವುದು’ ಅಂತಲೇ ಒಂದು ಹಂತವಿದೆ. 12ರ ಪಟ್ಟಿಯಲ್ಲಿ ಅದು ಬೇರೆಯಾಗಿ ಇಲ್ಲ. ಆರು ತಿಂಗಳು ಕಾಯಿಲೆ ಬಿದ್ದು ಹುಷಾರಾದ ಮೇಲೆ ಮನೆಯಲ್ಲಿ ಎಲ್ಲರಿಗೂ ಖುಷಿ. ನನಗೆ ಮಾತ್ರ ಕಪಾಟು ತೆಗೆಯಲೂ ಮನಸ್ಸಿರಲಿಲ್ಲ. ಹಳೆಯ ಅಂಗಿಗಳೆಲ್ಲ ದೊಗಳೆ. ಆಫೀಸಿನ ಗುರುತಿನ ಚೀಟಿಯಲ್ಲಿ ಬೇರೆ ಯಾರದ್ದೋ ಮುಖ ಇದ್ದ ಹಾಗಿತ್ತು. ಇದು ಕೃತಜ್ಞತೆ ಇಲ್ಲದ ಬುದ್ಧಿ ಅಂತ ಬಾಯಿ ಬಿಟ್ಟಿರಲಿಲ್ಲ. ಅದಕ್ಕೂ ಒಂದು ಹೆಸರಿದೆ ಅಂತ ಕಂಡಾಗ ಅತ್ತುಬಿಟ್ಟೆ. ಅವತ್ತೇ ಬರೆಯಲು ಕೂತೆ. ನಿಮಗೂ ಶುರು ಸಿಗದಿದ್ದರೆ ಕೊನೆಯಿಂದ ಹಿಡಿಯಿರಿ.

ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ನೆಪಗಳನ್ನು ಬರೆಯಲು ಕೂತೆ. ಅರ್ಧಕ್ಕೆ ಬಿಟ್ಟ ಓದನ್ನು ಯಾಕೆ ಮುಂದುವರಿಸಲಿಲ್ಲ ಅನ್ನೋದಕ್ಕೆ ಐದು ಸಿಕ್ಕಿವೆ. ಐದನೆಯದನ್ನು ಬರೆದು ನೋಟ್‌ಬುಕ್ ಮುಚ್ಚಿಟ್ಟೆ. ಇವತ್ತು ಅಲ್ಲಿಂದಲೇ ತೆಗೆಯುತ್ತೇನೆ.