ಟೆರಿ ರೈಲಿಯ ಆರ್ಗನ್: ಇದು ರಾಗವೋ, ಬರೀ ರಾಗದ ವಾಸನೆಯೋ?

ಮಂದ್ರಪ್ರಿಯ:
ಅಮೆರಿಕದ ಸಂಗೀತ ಸಂಯೋಜಕ ಟೆರಿ ರೈಲಿ ಅವರ ‘ಶ್ರೀ ಕ್ಯಾಮೆಲ್’ ಆಲ್ಬಂ (1980) ಈಗ ಮತ್ತೆ ಕೇಳುತ್ತಿದ್ದೇನೆ. ಒಬ್ಬರೇ ಮನುಷ್ಯ, ಒಂದೇ ಯಮಾಹಾ ವೈಸಿ-45ಡಿ ಆರ್ಗನ್. ನುಡಿಸಿದ್ದು ಡಿಜಿಟಲ್ ಡಿಲೇ ಮೂಲಕ ಸ್ವಲ್ಪ ತಡವಾಗಿ ವಾಪಸ್ ಬರುತ್ತದೆ, ಅದರ ಮೇಲೆ ಇನ್ನೊಂದು ಎಳೆ ಹಾಕುತ್ತಾ ಹೋಗುತ್ತಾರೆ. ಆರ್ಗನ್ನಿನ ಶ್ರುತಿಯನ್ನೂ ಬದಲಾಯಿಸಿಕೊಂಡಿದ್ದಾರೆ. ಪಿಯಾನೊ ಥರ ಸಪ್ತಕವನ್ನು 12 ಸಮ ಪಾಲು ಮಾಡದೆ, 3:2, 5:4 ಹೀಗೆ ಸರಳ ಅನುಪಾತಗಳಲ್ಲಿ ಸೇರಿಸಿದ್ದಾರೆ. 1970ರಲ್ಲಿ ಹಿಂದೂಸ್ತಾನಿಯ ಕಿರಾನಾ ಘರಾನಾದ (ಗಾಯನ ಪರಂಪರೆಯ) ಗಾಯಕ ಪಂಡಿತ್ ಪ್ರಾಣನಾಥ್ ಅವರ ಶಿಷ್ಯರಾದವರು, 1996ರಲ್ಲಿ ಗುರುಗಳು ತೀರಿಕೊಳ್ಳುವ ತನಕ ಜೊತೆಗಿದ್ದರು. ಕೀಬೋರ್ಡ್ ಇಟ್ಟುಕೊಂಡು ರಾಗದ ಇಷ್ಟು ಹತ್ತಿರ ಹೋದವರು ಬೇರೆ ಯಾರೂ ಇಲ್ಲ ಅನ್ನುವುದು ನನ್ನ ವಾದ. ಏನಂತೀರಿ?

ಹುಬ್ಬಳ್ಳಿ ಕೇಳುಗ:
ಇಲ್ಲ ಬಿಡ್ರಿ. ದರ್ಬಾರಿ ರಾಗದ ಗಾಂಧಾರ ಒಂದು ಕಡೆ ನಿಲ್ಲುವುದಿಲ್ಲ, ತೂಗುತ್ತಾ ಇರುತ್ತದೆ. ಕೀ ಒತ್ತಿದರೆ ಅದು ಹೇಗೆ ಬರಬೇಕು? ಈ ಜಗಳ ಹೊಸದೂ ಅಲ್ಲ. ಇದೇ ಕಾರಣ ಹೇಳಿ ಆಕಾಶವಾಣಿಯವರು 1940ರಲ್ಲಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿದ್ದರು. ಅದು ಸ್ವಲ್ಪ ಸಡಿಲವಾಗಿದ್ದು 1971ರಲ್ಲಿ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಇಲ್ಲದ್ದನ್ನು ರಾಗ ಅಂತ ಕರೆಯುವುದು ಅಮೆರಿಕದವರ ಉದಾರತನ, ನಮ್ಮದಲ್ಲ.

ತಂತಿಬೇಲಿ:
ಹಾರ್ಮೋನಿಯಂ ಮೇಲಿನ ದೂರಿನಲ್ಲಿ ಎರಡು ಸಂಗತಿ ಇದ್ದವು ಸರ್. ಮೀಂಡ್ ಬರುವುದಿಲ್ಲ ಅನ್ನುವುದು ಒಂದು. ಸ್ವರಗಳೇ ಸರಿಯಾದ ಜಾಗದಲ್ಲಿಲ್ಲ ಅನ್ನುವುದು ಇನ್ನೊಂದು. ರೈಲಿ ಸರಿ ಮಾಡಿಕೊಂಡಿದ್ದು ಎರಡನೆಯದನ್ನು, ಮತ್ತು ಅದು ಸಣ್ಣ ಕೆಲಸವಲ್ಲ.

ಷಡ್ಜ 240 ಹರ್ಟ್ಸ್ ಅಂದುಕೊಳ್ಳಿ. ತಂಬೂರಿಯ ನಾದದೊಳಗೆ ತಾನಾಗಿಯೇ ಕೇಳುವ ಗಾಂಧಾರಕ್ಕೆ ಹೊಂದುವುದು 300. ಮಾಮೂಲಿ ಕೀಬೋರ್ಡ್ ಕೊಡುವುದು 302.4. ಎರಡು ಚಿಲ್ಲರೆ ತಾನೆ ಅನ್ನಬೇಡಿ. ಷಡ್ಜದ ಐದನೇ ಮೇಲ್ನಾದ 1200, ಈ ಗಾಂಧಾರದ ನಾಲ್ಕನೆಯದು ಸುಮಾರು 1209.5. ಎರಡೂ ಒಟ್ಟಿಗೆ ಹಿಡಿದರೆ ಸೆಕೆಂಡಿಗೆ ಒಂಬತ್ತು ಹತ್ತು ಸಲ ಅದುರುತ್ತದೆ. ಪಿಯಾನೊದಲ್ಲಿ ನಾದ ಬೇಗ ಇಳಿದು ಹೋಗುವುದರಿಂದ ಕಿವಿ ಸಹಿಸಿಕೊಳ್ಳುತ್ತದೆ. ಆರ್ಗನ್ನಿನಲ್ಲಿ ಬೆರಳು ಎತ್ತುವವರೆಗೂ ನಾದ ನಿಂತಿರುತ್ತದೆ. ಅದರ ಮೇಲೆ ಡಿಲೇ ಬೇರೆ, ಹಳೆಯ ಸ್ವರಗಳೆಲ್ಲ ಬಂದು ಹೊಸದರ ಮೇಲೆ ಕೂರುತ್ತವೆ. ಸಮ ಪಾಲಿನ ಶ್ರುತಿಯಲ್ಲಿ ಇದನ್ನು ಮಾಡಿದ್ದರೆ ಐದು ನಿಮಿಷಕ್ಕೆ ಕಲಸುಮೇಲೋಗರ ಆಗುತ್ತಿತ್ತು. ‘ಶ್ರೀ ಕ್ಯಾಮೆಲ್’ನಲ್ಲಿ ಅಷ್ಟು ಎಳೆ ಸೇರಿದರೂ ತಿಳಿಯಾಗಿಯೇ ಇರುತ್ತದೆ. ಅಲ್ಲಿ ಶ್ರುತಿ ಬರೀ ಅಲಂಕಾರ ಅಲ್ಲ, ಇಡೀ ಸಂಗೀತ ನಿಂತಿರುವುದೇ ಅದರ ಮೇಲೆ.

ಒಗ್ಗರಣೆ:
ಒಂಟೆಗೂ ‘ಶ್ರೀ’ ಹಾಕಿದ್ದಾರಲ್ಲ, ಮೊದಲು ಅದಕ್ಕೊಂದು ನಮಸ್ಕಾರ. ಕೇಳಿದೆ. ಚೆನ್ನಾಗಿದೆ, ಆದರೆ ನಿದ್ದೆ ಬಂತು.

ವೀಣಾ ಟೀಚರ್:
ತಂತಿಬೇಲಿ ಅವರ ಲೆಕ್ಕ ಸರಿಯಾಗಿದೆ, ಆದರೆ ಅದರಿಂದ ರಾಗಕ್ಕೆ ಹೋಗುವ ದಾರಿ ಕಾಣುತ್ತಿಲ್ಲ. ನಮ್ಮ ವೀಣೆಗೆ 24 ಮನೆ (ಫ್ರೆಟ್), ಮೇಣದಲ್ಲಿ ಕೂರಿಸಿದವು. ಅವೂ ಕದಲುವುದಿಲ್ಲ. ತೋಡಿ ರಾಗದ ಗಾಂಧಾರ ಮನೆಯ ಮೇಲೆ ಸುಮ್ನೆ ಮೀಟಿದರೆ ಸಿಗುವುದಿಲ್ಲ, ತಂತಿ ಎಳೆದರೆ ಸಿಗುತ್ತದೆ. ಮನೆ ಎಷ್ಟೇ ಸರಿಯಾದ ಜಾಗದಲ್ಲಿದ್ದರೂ ಎಳೆಯದೆ ತೋಡಿ ಇಲ್ಲ.

ಇನ್ನೊಂದು ವಿಷಯ. ಸರಳ ಅನುಪಾತ ಅಂದುಬಿಟ್ಟರೆ ಮುಗಿಯಲಿಲ್ಲ. ಯಮನ್ ತಗೊಳ್ಳಿ (ನಮ್ಮಲ್ಲಿ ಕಲ್ಯಾಣಿ). ಧೈವತವನ್ನು 5:3ಕ್ಕೆ ಇಟ್ಟರೆ ಗಾಂಧಾರದ ಜೊತೆ ಚೆನ್ನಾಗಿ ಕೂರುತ್ತದೆ, ರಿಷಭದ ಜೊತೆ ಕೂರುವುದಿಲ್ಲ. ರಿ-ಧ ಅಂತರ ಸರಿಯಾದ ಪಂಚಮಕ್ಕಿಂತ 22 ಸೆಂಟ್ (ಕೀಬೋರ್ಡಿನ ಪಕ್ಕಪಕ್ಕದ ಎರಡು ಸ್ವರಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್) ಕಮ್ಮಿ, ಕಿವಿಗೆ ಚುಚ್ಚುತ್ತದೆ. 27:16ಕ್ಕೆ ಏರಿಸಿದರೆ ರಿಷಭ ಖುಷಿ, ಗಾಂಧಾರ ಮುನಿಸಿಕೊಳ್ಳುತ್ತದೆ. ಹಾಡುವವರು ಮುಂದೆ ಯಾವ ಸ್ವರಕ್ಕೆ ಹೋಗಬೇಕೋ ನೋಡಿಕೊಂಡು ಕೂದಲೆಳೆಯಷ್ಟು ಸರಿಸುತ್ತಾರೆ. ಆರ್ಗನ್ನಿಗೆ ಆ ಸ್ವಾತಂತ್ರ್ಯ ಇಲ್ಲ. ಅಲ್ಲಿ ಶ್ರುತಿ ಶುದ್ಧ, ಆದರೆ ಜಡ.

ಮಂದ್ರಪ್ರಿಯ:
ಟೀಚರ್, ಜಡ ಅನ್ನುವುದನ್ನು ಒಪ್ಪಲಾರೆ. ಆ ಸಂಗೀತದಲ್ಲಿ ಚಲನೆ ಸ್ವರದ ಒಳಗಿಲ್ಲ, ಸ್ವರಗುಚ್ಛ ಬೆಳೆಯುವ ರೀತಿಯಲ್ಲಿದೆ. ನಾಲ್ಕು ಸ್ವರ ಹಿಡಿದು ಸುತ್ತುತ್ತಾರೆ, ಎಷ್ಟೋ ಹೊತ್ತಿಗೆ ಐದನೆಯದು ಬರುತ್ತದೆ. ಇದು ವಿಲಂಬಿತದ ಬಢತ್, ಅಂದರೆ ನಿಧಾನ ಲಯದಲ್ಲಿ ಸ್ವರ ಸ್ವರವಾಗಿ ರಾಗ ಬೆಳೆಸುವುದು, ಅಲ್ವಾ? ಹುಬ್ಬಳ್ಳಿಯವರಿಗೆ ಇದು ಗೊತ್ತಿರಬೇಕು.

ಹುಬ್ಬಳ್ಳಿ ಕೇಳುಗ:
ಗೊತ್ತಿಲ್ಲದೆ ಏನ್ರಿ. ಪ್ರಾಣನಾಥರ ಗುರು ಅಬ್ದುಲ್ ವಹೀದ್ ಖಾನ್. ಒಂದೊಂದು ಸ್ವರವನ್ನೂ ಅವಸರವಿಲ್ಲದೆ ಬಿಡಿಸುವುದಕ್ಕೆ ಹೆಸರಾದವರು. ಅದೇ ಕಿರಾನಾದ ಇನ್ನೊಂದು ಕವಲು ಅಬ್ದುಲ್ ಕರೀಂ ಖಾನ್, ಅವರ ಶಿಷ್ಯರು ನಮ್ಮ ಕುಂದಗೋಳದ ಸವಾಯಿ ಗಂಧರ್ವರು, ಅವರ ಹತ್ತಿರ ಕಲಿತವರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಆ ಲೆಕ್ಕದಲ್ಲಿ ರೈಲಿ ನಮಗೆ ದೂರದ ದಾಯಾದಿ. ಸ್ವರವನ್ನು ಷಡ್ಜದ ಎದುರು ನಿಲ್ಲಿಸಿ ಕೇಳುವುದು ಈ ಮನೆತನದ ಗುಣ. ಅದು ಆರ್ಗನ್ನಿನಲ್ಲಿ ಕೇಳುತ್ತದೆ, ಇಲ್ಲ ಅನ್ನಲ್ಲ.

ಆದರೆ ಸ್ವಲ್ಪ ಹಿಂದೆ ಹೋಗಿ ನೋಡಿ. ಸಣ್ಣ ಸಣ್ಣ 53 ತುಣುಕುಗಳನ್ನು ಎಷ್ಟು ಸಲ ಬೇಕಾದರೂ ನುಡಿಸಬಹುದಾದ ‘ಇನ್ ಸಿ’ ಬಂದದ್ದು 1964ರಲ್ಲಿ. ಸುರುಳಿ ಸುತ್ತುವ ಆರ್ಗನ್ನಿನ ‘ಎ ರೇನ್‌ಬೋ ಇನ್ ಕರ್ವ್ಡ್ ಏರ್’ 1969ರಲ್ಲಿ. ಪ್ರಾಣನಾಥರು ಅಮೆರಿಕಕ್ಕೆ ಬಂದಿದ್ದೇ 1970ರಲ್ಲಿ. ಅಂದಮೇಲೆ ಈ ಸುತ್ತಾಟ ಅವರಿಗೆ ನಮ್ಮಿಂದ ಬಂದದ್ದಲ್ಲ. ಟೇಪ್ ಲೂಪಿನಿಂದ, ಜಾಝ್‌ನಿಂದ ಬಂದದ್ದು. ಎಲ್ಲದಕ್ಕೂ ನಾವೇ ತವರು ಅಂತ ಎದೆ ಉಬ್ಬಿಸುವುದು ಬೇಡ.

ತಂತಿಬೇಲಿ:
ಈ ಮಾತಿಗೆ ನನ್ನದೂ ಸಹಿ. ಶ್ರುತಿಯ ಹುಚ್ಚನ್ನು ಅವರಿಗೆ ಹತ್ತಿಸಿದ್ದರಲ್ಲಿ ಗೆಳೆಯ, ಸಂಯೋಜಕ ಲಾ ಮಾಂಟ್ ಯಂಗ್ ಪಾಲು ದೊಡ್ಡದು. ಅವರೂ ಪ್ರಾಣನಾಥರ ಶಿಷ್ಯರೇ.

ಒಗ್ಗರಣೆ:
ಹಾಗಾದರೆ ನಮ್ಮ ಚರಣಜಿತ್ ಸಿಂಗ್ ಏನು ಪಾಪ ಮಾಡಿದ್ದರು? ಬಾಲಿವುಡ್‌ನಲ್ಲಿ ವಾದ್ಯ ನುಡಿಸುತ್ತಿದ್ದವರು, 1982ರಲ್ಲಿ ರೋಲ್ಯಾಂಡ್ ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂರಿಸಿದರು. ಆಗ ಯಾರೂ ಕ್ಯಾರೇ ಅನ್ನಲಿಲ್ಲ. 2010ರಲ್ಲಿ ಮತ್ತೆ ಬಿಡುಗಡೆ ಆದಾಗ ಯುರೋಪಿನವರು ಕುಣಿದಾಡಿದರು. ನಿದ್ದೆಯಂತೂ ಬರಲ್ಲ.

ತಂತಿಬೇಲಿ:
ಒಳ್ಳೆ ಉದಾಹರಣೆ! ಅವರದು ರೈಲಿಗೆ ಪೂರ್ತಿ ಉಲ್ಟಾ. ಶ್ರುತಿ ಮಾಮೂಲಿ ಸಮ ಪಾಲಿನದು. ಆದರೆ ಟಿಬಿ-303 ಯಂತ್ರದಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ ಇತ್ತು, ಅದನ್ನು ಧಾರಾಳವಾಗಿ ಬಳಸಿಕೊಂಡರು.

ವೀಣಾ ಟೀಚರ್:
ಅದಕ್ಕೇ ಅದರಲ್ಲಿ ರಾಗದ ಮುಖ ತಟ್ಟನೆ ಸಿಗುತ್ತದೆ. ಭೈರವ್ ಹಾಕಿದರೆ ಭೈರವ್ ಅಂತ ಗೊತ್ತಾಗುತ್ತದೆ. ‘ಶ್ರೀ ಕ್ಯಾಮೆಲ್’ ಹಾಕಿ ಯಾವ ರಾಗ ಅಂತ ನನ್ನ ಯಾವ ವಿದ್ಯಾರ್ಥಿಯನ್ನಾದರೂ ಕೇಳಿ, ನಾಲ್ಕು ಜನ ನಾಲ್ಕು ಹೆಸರು ಹೇಳುತ್ತಾರೆ. ಅದು ರಾಗ ಅಲ್ಲ ಅನ್ನುವುದಕ್ಕೆ ದೊಡ್ಡ ಸಾಕ್ಷಿ ರೈಲಿ ಅವರೇ. ರಾಗ ಹಾಡಬೇಕು ಅನಿಸಿದಾಗ ಅವರು ತಂಬೂರಿ ಜೊತೆ ಬಾಯಿಬಿಟ್ಟು ಹಾಡುತ್ತಾರೆ. 2020ರಿಂದ ಜಪಾನಿನಲ್ಲಿದ್ದಾರೆ, ಅಲ್ಲೂ ರಾಗ ಕಲಿಸುತ್ತಾರೆ, ಗಂಟಲಿನಿಂದ. ಆರ್ಗನ್ ಬೇರೆ, ರಾಗ ಬೇರೆ ಅನ್ನುವುದು ಅವರಿಗೆ ಸ್ಪಷ್ಟವಾಗಿದೆ. ಗೊಂದಲ ಇರುವುದು ಅಭಿಮಾನಿಗಳಿಗೆ.

ಮಂದ್ರಪ್ರಿಯ:
ಸರಿ, ರಾಗ ಅನ್ನುವ ಹಣೆಪಟ್ಟಿ ಬೇಡ. ಆದರೆ ಹಾಡಿ ಹಾಡಿ ಪಳಗಿದ ಕಿವಿಯೇ ಆ ಆರ್ಗನ್ನಿನ ಶ್ರುತಿ ಆರಿಸಿದ್ದು, ಅದನ್ನಂತೂ ಬಿಟ್ಟುಕೊಡುವುದಿಲ್ಲ.

ಹುಬ್ಬಳ್ಳಿ ಕೇಳುಗ:
ಹಾಡಿ ಪಳಗಿದ ಕಿವಿ ಆಗಿದ್ದರೆ ದರ್ಬಾರಿಯ ಗಾಂಧಾರಕ್ಕೆ ಏನಾದರೂ ದಾರಿ ಹುಡುಕುತ್ತಿತ್ತು. ಇರಲಿ, ಮುಂದುವರಿಸಿ.

ಒಗ್ಗರಣೆ:
ಜಗಳ ಇರಲಿ. ನನ್ನ ಮನೆಯ ಕೀಬೋರ್ಡಿನಲ್ಲಿ ಈ ಶ್ರುತಿ ಮಾಡಬಹುದಾ?

ತಂತಿಬೇಲಿ:
ಯಮಾಹಾ, ಕೊರ್ಗ್ ಕಂಪನಿಗಳ ಸುಮಾರು ಅರೇಂಜರ್ ಮಾಡೆಲ್‌ಗಳಲ್ಲಿ ಸ್ಕೇಲ್ ಟ್ಯೂನ್ ಅಂತ ಇರುತ್ತದೆ. ಅರಬ್ ಸಂಗೀತದವರಿಗೆ ಬಹಳ ಬೇಕಾಗುವ ಸೌಲಭ್ಯ, ನಮಗೂ ಸಾಕು. ಯಮನ್‌ಗೆ, ಷಡ್ಜ ಇದ್ದ ಹಾಗೇ ಬಿಟ್ಟು, ರಿಷಭ +4, ಗಾಂಧಾರ -14, ತೀವ್ರ ಮಧ್ಯಮ -10, ಪಂಚಮ +2, ಧೈವತ -16, ನಿಷಾದ -12 ಹಾಕಿ. ಎಲ್ಲವೂ ಸೆಂಟ್ ಲೆಕ್ಕ. ಆರ್ಗನ್ ಧ್ವನಿ ಆರಿಸಿ, ಕೋರಸ್ ಮತ್ತು ವೈಬ್ರೇಟೊ ತೆಗೆಯಿರಿ, ಇಲ್ಲದಿದ್ದರೆ ಮಾಡಿದ್ದೆಲ್ಲ ಕೆಡುತ್ತದೆ.

ವೀಣಾ ಟೀಚರ್:
ಧೈವತ -16 ಬೇಡಪ್ಪ. +6 ಹಾಕಿ. ಯಮನ್‌ನಲ್ಲಿ ರಿಷಭ ಬಿಟ್ಟು ಎಲ್ಲಿಗೆ ಹೋಗ್ತೀರಿ?

ತಂತಿಬೇಲಿ:
ಗಾಂಧಾರ ವಾದಿ ಸ್ವರ, ಯಮನ್‌ನ ಮುಖ್ಯ ಸ್ವರ ಟೀಚರ್. ಅದನ್ನು ಬಿಟ್ಟು ರಿಷಭದ ಮಾತು ಕೇಳಬೇಕಾ?

ಒಗ್ಗರಣೆ:
ಎರಡು ಕೀಬೋರ್ಡ್ ತಗೋತೀನಿ.